ಟೊರೆಂಟ್‌ಗೆ ಬಿದ್ದ ಕಡಿವಾಣ

ಪೀರ್-ಟು-ಪೀರ್ ಫೈಲ್ ಹಂಚಿಕೆಯನ್ನು ಇಂಟರ್ನೆಟ್ ಸೇವಾ ಕಂಪನಿಗಳು ತಡೆದದ್ದೂ ಉಂಟು, ಬೇಕೆಂದೇ ನಿಧಾನ ಮಾಡಿದ್ದೂ ಉಂಟು. ಅಮೆರಿಕ, ಕೆನಡಾ, ಸಿಂಗಪುರಗಳಲ್ಲಿ ಇದು ಬರೀ ಅನುಮಾನವಾಗಿ ಉಳಿದಿಲ್ಲ. ಅಳತೆ ಮಾಡಿದವರು ಪುರಾವೆ ಮುಂದಿಟ್ಟಿದ್ದಾರೆ. ಕೆಲವು ಕಂಪನಿಗಳು ಸರ್ಕಾರಕ್ಕೆ ಬರೆದುಕೊಟ್ಟ ವರದಿಯಲ್ಲಿ ತಾವೇ ಒಪ್ಪಿಕೊಂಡಿವೆ. ಹಾಗೆಂದು ಟೊರೆಂಟ್ ಕುಂಟಿದಾಗಲೆಲ್ಲ ಕಂಪನಿಯ ಕೈವಾಡವಿದೆ ಎನ್ನಲೂ ಬಾರದು.

ಈ ವಿಷಯದಲ್ಲಿ ಮೂರು ಬೇರೆ ಬೇರೆ ಕ್ರಮಗಳು ಒಂದೇ ಹೆಸರಿನಲ್ಲಿ ಕಲಸಿಹೋಗುತ್ತವೆ. ಮೊದಲನೆಯದು ತಡೆ: ಎರಡು ಕಂಪ್ಯೂಟರ್‌ಗಳ ನಡುವಿನ ಸಂಪರ್ಕವನ್ನೇ ಕಡಿದುಹಾಕುವುದು. ಎರಡನೆಯದು ವೇಗಮಿತಿ: ಸಂಪರ್ಕ ಉಳಿಯುತ್ತದೆ, ಆದರೆ ಅದರಲ್ಲಿ ಹರಿಯುವ ದತ್ತಾಂಶಕ್ಕೆ ಇಂತಿಷ್ಟೇ ವೇಗ ಎಂಬ ಕಟ್ಟು ಬೀಳುತ್ತದೆ. ಮೂರನೆಯದು ಆದ್ಯತೆ ಇಳಿಸುವುದು: ಜಾಲದಲ್ಲಿ ದಟ್ಟಣೆಯಾದ ಹೊತ್ತಿನಲ್ಲಿ ಮಾತ್ರ ಕೆಲವರ ಪ್ಯಾಕೆಟ್‌ಗಳನ್ನು (ಜಾಲದಲ್ಲಿ ಸಾಗುವ ದತ್ತಾಂಶದ ಪುಟ್ಟ ಕಟ್ಟುಗಳನ್ನು) ಸರತಿಯಲ್ಲಿ ಹಿಂದಕ್ಕೆ ಸರಿಸಿ, ದಟ್ಟಣೆ ಕರಗಿದ ಮೇಲೆ ಮೊದಲಿನಂತೆ ಬಿಡುವುದು. ಬಳಕೆದಾರನ ಪರದೆಯ ಮೇಲೆ ಮೂರೂ ಒಂದೇ ಥರ ಕಾಣುತ್ತವೆ. ತಂತ್ರಜ್ಞಾನದ ದೃಷ್ಟಿಯಲ್ಲೂ ಕಾನೂನಿನ ದೃಷ್ಟಿಯಲ್ಲೂ ಅವುಗಳ ನಡುವೆ ಬಹಳ ಅಂತರವಿದೆ.

ಚೂರುಚೂರಾಗಿ ಸಾಗುವ ಫೈಲ್

ಸಾಮಾನ್ಯ ಡೌನ್‌ಲೋಡ್‌ನಲ್ಲಿ ಒಂದು ಸರ್ವರ್ ಕೊಡುತ್ತದೆ, ಸಾವಿರಾರು ಕಂಪ್ಯೂಟರ್‌ಗಳು ಪಡೆಯುತ್ತವೆ. ಪಡೆಯುವವರು ಹೆಚ್ಚಿದಷ್ಟೂ ಸರ್ವರ್ ಏದುಸಿರು ಬಿಡುತ್ತದೆ. ಪೀರ್-ಟು-ಪೀರ್ ಏರ್ಪಾಟಿನಲ್ಲಿ ಪಡೆಯುವವರೇ ಕೊಡುವವರೂ ಆಗುತ್ತಾರೆ. 1999ರಲ್ಲಿ ಬಂದ ನ್ಯಾಪ್‌ಸ್ಟರ್ ಈ ಬಗೆಯ ಹಂಚಿಕೆಯನ್ನು ಮನೆಮಾತಾಗಿಸಿತು. ಯಾರ ಬಳಿ ಯಾವ ಹಾಡಿದೆ ಎಂಬ ಪಟ್ಟಿ ಮಾತ್ರ ಅದರ ಸ್ವಂತ ಸರ್ವರ್‌ಗಳಲ್ಲಿತ್ತು. ಅಮೆರಿಕದ ಸಂಗೀತ ಕಂಪನಿಗಳು ಹೂಡಿದ ಮೊಕದ್ದಮೆಯಿಂದಾಗಿ 2001ರಲ್ಲಿ ಆ ಸರ್ವರ್‌ಗಳು ನಿಂತವು, ಸೇವೆಯೂ ಅಲ್ಲಿಗೇ ಮುಗಿಯಿತು.

ಅದೇ ವರ್ಷದ ಜುಲೈನಲ್ಲಿ ಬ್ರಾಮ್ ಕೋಹೆನ್ ಎಂಬ ಅಮೆರಿಕದ ಪ್ರೋಗ್ರಾಮರ್ ಬಿಟ್‌ಟೊರೆಂಟನ್ನು ಬಿಡುಗಡೆ ಮಾಡಿದರು. ಇದರಲ್ಲಿ ಫೈಲನ್ನು ಸಮಗಾತ್ರದ ಚೂರುಗಳಾಗಿ ಒಡೆಯಲಾಗುತ್ತದೆ. 700 ಮೆಗಾಬೈಟ್‌ನ ಒಂದು ಫೈಲನ್ನು 256 ಕಿಲೋಬೈಟ್‌ನ ಚೂರುಗಳಾಗಿ ಒಡೆದರೆ 2,800 ಚೂರುಗಳಾಗುತ್ತವೆ. ಪ್ರತಿ ಚೂರಿಗೂ 20 ಬೈಟ್ ಉದ್ದದ ಒಂದು ಗಣಿತದ ಮುದ್ರೆ ಇರುತ್ತದೆ. ಮುದ್ರೆಗಳ ಈ ಪಟ್ಟಿಯೇ ‘ಟೊರೆಂಟ್’ ಎಂದು ಕರೆಸಿಕೊಳ್ಳುವ ಪುಟ್ಟ ಫೈಲ್. ಅಪರಿಚಿತ ಕಂಪ್ಯೂಟರಿನಿಂದ ಬಂದ ಚೂರು ಅಸಲಿಯೋ ನಕಲಿಯೋ ಎಂದು ಪಡೆದವರ ಕಂಪ್ಯೂಟರ್ ಈ ಮುದ್ರೆಯನ್ನು ತಾಳೆ ನೋಡಿ ತಿಳಿಯುತ್ತದೆ. ಯಾವ ಚೂರು ಅತಿ ಕಡಿಮೆ ಜನರ ಬಳಿ ಇದೆಯೋ ಅದನ್ನು ಮೊದಲು ಪಡೆಯುವುದು, ತನಗೆ ಹೆಚ್ಚು ಕೊಡುವವರಿಗೆ ತಾನೂ ಹೆಚ್ಚು ಕೊಡುವುದು: ಈ ಎರಡು ನಿಯಮಗಳಿಂದ ಇಡೀ ಗುಂಪು ಯಾರ ಮೇಲ್ವಿಚಾರಣೆಯೂ ಇಲ್ಲದೆ ನಡೆಯುತ್ತದೆ. ಪೂರ್ತಿ ಫೈಲ್ ಇಟ್ಟುಕೊಂಡು ಬರೀ ಕೊಡುತ್ತಿರುವ ಕಂಪ್ಯೂಟರಿಗೆ ‘ಸೀಡರ್’ ಎಂದು ಹೆಸರು.

ಈ ವಿಧಾನಕ್ಕೆ ಸಿನಿಮಾ ಕಳ್ಳತನದ ಕಳಂಕ ಅಂಟಿಕೊಂಡದ್ದು ಸುಳ್ಳಲ್ಲ. ಲಿನಕ್ಸ್‌ನ ಹಲವು ಆವೃತ್ತಿಗಳನ್ನು ಅಧಿಕೃತವಾಗಿ ಹಂಚುವುದೂ ಇದೇ ವಿಧಾನದಿಂದ. ಇಂಟರ್ನೆಟ್ ಆರ್ಕೈವ್ ತನ್ನ ಭಂಡಾರವನ್ನು ಟೊರೆಂಟ್ ರೂಪದಲ್ಲೂ ಕೊಡುತ್ತದೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ಕಂಪನಿ ತನ್ನ ಭಾರೀ ಅಪ್‌ಡೇಟ್‌ಗಳನ್ನು ಆಟಗಾರರಿಗೆ ತಲುಪಿಸಿದ್ದು ಹೀಗೆಯೇ. ವಿಂಡೋಸ್ 10ರ ಅಪ್‌ಡೇಟ್‌ಗಳೂ ಅಕ್ಕಪಕ್ಕದ ಕಂಪ್ಯೂಟರ್‌ಗಳಿಂದ ಚೂರು ಪಡೆಯಬಲ್ಲವು. ಜಾಲದ ನಡುವೆ ಕುಳಿತ ಯಂತ್ರಕ್ಕೆ ಇವೆಲ್ಲ ಒಂದೇ ಬಗೆಯ ಸಂಚಾರ. ಚೂರಿನೊಳಗೆ ಸಿನಿಮಾ ಇದೆಯೋ ಲಿನಕ್ಸ್ ಇದೆಯೋ ಎಂಬುದು ಅದಕ್ಕೆ ಸುಲಭವಾಗಿ ತಿಳಿಯುವುದಿಲ್ಲ.

ಹಾದಿ ಇಕ್ಕಟ್ಟಾಗುವುದೆಲ್ಲಿ

ಟೊರೆಂಟ್ ಮೇಲೆ ಮೊದಲು ಮುನಿಸಿಕೊಂಡವು ಕೇಬಲ್ ಟಿವಿ ತಂತಿಯ ಮೂಲಕ ಇಂಟರ್ನೆಟ್ ಕೊಡುವ ಕಂಪನಿಗಳು. ಅದಕ್ಕೆ ಕಾರಣ ಆ ತಂತಿಯ ರಚನೆಯಲ್ಲೇ ಇತ್ತು. ಟಿವಿ ಚಾನೆಲ್‌ಗಳನ್ನು ಮನೆಗೆ ಸಾಗಿಸಲೆಂದು ಹಾಕಿದ ತಂತಿಯಲ್ಲಿ ಮನೆಯತ್ತ ಬರುವ ದಾರಿ ವಿಶಾಲ, ಮನೆಯಿಂದ ಹೊರಡುವ ದಾರಿ ಇಕ್ಕಟ್ಟು. ಉತ್ತರ ಅಮೆರಿಕದ ಕೇಬಲ್ ಜಾಲಗಳಲ್ಲಿ ಹೊರಹರಿವಿಗೆ ಮೀಸಲಾಗಿದ್ದದ್ದು ಸುಮಾರು 5ರಿಂದ 42 ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಪಟ್ಟಿ. ಅದರ ಮೇಲಿನ ನೂರಾರು ಮೆಗಾಹರ್ಟ್ಸ್ ಒಳಹರಿವಿನ ಪಾಲು. ಸಾಲದ್ದಕ್ಕೆ ಈ ಇಕ್ಕಟ್ಟಿನ ದಾರಿಯನ್ನು ಒಂದು ಬಡಾವಣೆಯ ಮನೆಗಳೆಲ್ಲ ಹಂಚಿಕೊಳ್ಳಬೇಕು. ಅಮೆರಿಕದ ಕಾಮ್‌ಕಾಸ್ಟ್ ಕಂಪನಿ ತನ್ನ ಜಾಲದ ಬಗ್ಗೆ ಕೊಟ್ಟ ವಿವರದ ಪ್ರಕಾರ, ಸರಾಸರಿ 275 ಮೋಡೆಮ್‌ಗಳು ಒಂದು ಒಳಹರಿವಿನ ಪೋರ್ಟನ್ನೂ ಸುಮಾರು 100 ಮೋಡೆಮ್‌ಗಳು ಒಂದು ಹೊರಹರಿವಿನ ಪೋರ್ಟನ್ನೂ ಹಂಚಿಕೊಳ್ಳುತ್ತಿದ್ದವು.

ವೆಬ್ ಪುಟ ನೋಡುವವನ ಹೊರಹರಿವು ಅತ್ಯಲ್ಪ: ‘ಈ ಪುಟ ಕೊಡು’ ಎಂಬ ಸಣ್ಣ ಕೋರಿಕೆ, ಬಂದ ಪ್ಯಾಕೆಟ್‌ಗಳಿಗೆ ‘ತಲುಪಿತು’ ಎಂಬ ರಶೀದಿ, ಅಷ್ಟೆ. ಸೀಡರ್‌ನ ಕಂಪ್ಯೂಟರ್ ಹಗಲಿರುಳೂ ಹೊರಕ್ಕೆ ಸುರಿಯುತ್ತದೆ. ನಾಲೆಯ ತಲೆಭಾಗದವರು ತೂಬು ಪೂರ್ತಿ ಎತ್ತಿದರೆ ಕೊನೆಭಾಗದ ಗದ್ದೆಗೆ ನೀರು ಹತ್ತದಿರುವ ಪರಿಸ್ಥಿತಿ ಇದು. ಹೊರದಾರಿ ತುಂಬಿದಾಗ ನೆರೆಮನೆಯ ಕೋರಿಕೆಗಳೂ ರಶೀದಿಗಳೂ ಸರತಿಯಲ್ಲಿ ನಿಲ್ಲುತ್ತವೆ. ರಶೀದಿ ತಡವಾದರೆ ಅತ್ತಲಿನ ಸರ್ವರ್ ಕಳಿಸುವ ವೇಗವನ್ನು ತಗ್ಗಿಸುತ್ತದೆ. ಹೀಗಾಗಿ ಅಪ್‌ಲೋಡ್ ಹಾದಿಯ ಇಕ್ಕಟ್ಟು ಡೌನ್‌ಲೋಡನ್ನೂ ಬಾಧಿಸುತ್ತದೆ. ಕಂಪನಿಗಳ ದೂರಿನಲ್ಲಿ ಹುರುಳಿತ್ತು. ವಿವಾದ ಹುಟ್ಟಿದ್ದು ಅವು ಕಂಡುಕೊಂಡ ಪರಿಹಾರದಿಂದ.

ಗುರುತು ಹಿಡಿಯುವ ಬಗೆ

ಯಾವುದನ್ನಾದರೂ ತಡೆಯಬೇಕಾದರೆ ಮೊದಲು ಅದರ ಗುರುತು ಸಿಗಬೇಕು. ಬಿಟ್‌ಟೊರೆಂಟ್ ಮೊದಮೊದಲು 6881ರಿಂದ 6889ರವರೆಗಿನ ಪೋರ್ಟ್ ಸಂಖ್ಯೆಗಳನ್ನು (ಒಂದೇ ಕಂಪ್ಯೂಟರಿನ ಬೇರೆ ಬೇರೆ ತಂತ್ರಾಂಶಗಳನ್ನು ಗುರುತಿಸುವ ಅಂಕಿಗಳನ್ನು) ಬಳಸುತ್ತಿತ್ತು. ಆ ಸಂಖ್ಯೆಗಳನ್ನು ಮುಚ್ಚಿದರೆ ಕೆಲಸ ಮುಗಿಯುತ್ತಿತ್ತು. ತಂತ್ರಾಂಶಗಳು ಬೇಕಾದ ಪೋರ್ಟ್ ಆರಿಸಿಕೊಳ್ಳುವುದನ್ನು ಕಲಿತ ಮೇಲೆ ಈ ಉಪಾಯ ಬಿತ್ತು.

ಮುಂದಿನದು ಪ್ಯಾಕೆಟ್ಟಿನ ಒಳಗೇ ಇಣುಕುವ ವಿಧಾನ. ಸಾಮಾನ್ಯ ರೂಟರ್ ಪ್ಯಾಕೆಟ್ಟಿನ ತಲೆಬರಹವನ್ನಷ್ಟೇ ಓದುತ್ತದೆ: ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು. ಒಳತಪಾಸಣೆಯ ಯಂತ್ರ ಅದರೊಳಗಿನ ದತ್ತಾಂಶವನ್ನೂ ಓದುತ್ತದೆ. ಬಿಟ್‌ಟೊರೆಂಟ್‌ನ ಪರಿಚಯದ ಸಂದೇಶ ಯಾವಾಗಲೂ 19 ಎಂಬ ಅಂಕಿಯ ಒಂದು ಬೈಟಿನಿಂದ ಶುರುವಾಗುತ್ತದೆ. ಅದರ ಬೆನ್ನಿಗೇ 19 ಅಕ್ಷರಗಳಲ್ಲಿ ‘ಬಿಟ್‌ಟೊರೆಂಟ್ ಪ್ರೋಟೋಕಾಲ್’ ಎಂಬ ಹೆಸರು ಇಂಗ್ಲಿಷ್‌ನಲ್ಲಿ ಬರುತ್ತದೆ. ಯಂತ್ರಕ್ಕೆ ಇದಕ್ಕಿಂತ ಸುಲಭದ ಗುರುತು ಬೇಕಿಲ್ಲ.

ಮೂರನೆಯದು ನಡವಳಿಕೆಯಿಂದ ಅಂದಾಜಿಸುವುದು. ಒಂದು ಮನೆಯಿಂದ ಏಕಕಾಲಕ್ಕೆ ಹತ್ತಾರು ಅಪರಿಚಿತ ವಿಳಾಸಗಳಿಗೆ ಸಂಪರ್ಕ, ಎರಡೂ ದಿಕ್ಕಿನಲ್ಲಿ ದೀರ್ಘಕಾಲದ ಹರಿವು, ವಿಳಾಸಗಳೆಲ್ಲ ಬೇರೆ ಮನೆಗಳವು: ಇಷ್ಟು ಲಕ್ಷಣ ಕಂಡರೆ ಒಳಗೇನಿದೆ ಎಂದು ಓದಲಾಗದಿದ್ದರೂ ಊಹೆ ಮಾಡಬಹುದು. ಊಹೆ ಎಂದ ಮೇಲೆ ತಪ್ಪೂ ಆಗುತ್ತದೆ.

ಸುಳ್ಳು ರೀಸೆಟ್

ಈ ಚರಿತ್ರೆಯಲ್ಲಿ ಅತ್ಯಂತ ವಿವರವಾಗಿ ದಾಖಲಾದ ಪ್ರಕರಣ 2007ರಲ್ಲಿ ಬೆಳಕಿಗೆ ಬಂದ ಕಾಮ್‌ಕಾಸ್ಟ್‌ನದು. ಅದನ್ನು ಮೊದಲು ಬಯಲಿಗೆಳೆದವರು ಆರಿಗನ್ ರಾಜ್ಯದ ನೆಟ್‌ವರ್ಕ್ ಇಂಜಿನಿಯರ್ ರಾಬ್ ಟೊಪೋಲ್ಸ್ಕಿ. ನಾಲ್ವರು ವಾದ್ಯವಿಲ್ಲದೆ ದನಿಗೂಡಿಸಿ ಹಾಡುವ ‘ಬಾರ್ಬರ್‌ಶಾಪ್ ಕ್ವಾರ್ಟೆಟ್’ ಎಂಬ ಹಳೆಯ ಅಮೆರಿಕನ್ ಗಾಯನ ಅವರ ಹವ್ಯಾಸ. ಕೃತಿಸ್ವಾಮ್ಯದ ಅವಧಿ ಮೀರಿದ ಅಂಥ ಧ್ವನಿಮುದ್ರಣಗಳನ್ನು ಹಂಚಲು ಹೊರಟಾಗ ಅವರ ಕಂಪ್ಯೂಟರಿನಿಂದ ಫೈಲ್‌ಗಳು ಹೊರಗೆ ಹೋಗುತ್ತಲೇ ಇರಲಿಲ್ಲ. ಪ್ಯಾಕೆಟ್‌ಗಳನ್ನು ಒಂದೊಂದಾಗಿ ಹಿಡಿದು ತೋರಿಸುವ ತಂತ್ರಾಂಶ ಹಚ್ಚಿ ನೋಡಿದಾಗ, ಇರಬಾರದ ಕಡೆ ‘ರೀಸೆಟ್’ ಪ್ಯಾಕೆಟ್‌ಗಳು ಕಂಡವು. 2007ರ ಮೇ ತಿಂಗಳಲ್ಲಿ ಅವರು ತಮ್ಮ ಶೋಧವನ್ನು ಬಹಿರಂಗಪಡಿಸಿದರು.

ರೀಸೆಟ್ ಎಂದರೇನು? ಟಿಸಿಪಿ ನಿಯಮದ ಪ್ರಕಾರ ಮಾತಾಡುವ ಎರಡು ಕಂಪ್ಯೂಟರ್‌ಗಳ ಪ್ರತಿ ಪ್ಯಾಕೆಟ್ಟಿನ ತಲೆಬರಹದಲ್ಲೂ ಎರಡು ಕಡೆಯ ವಿಳಾಸ, ಪೋರ್ಟ್, ಕ್ರಮಸಂಖ್ಯೆ ಇರುತ್ತವೆ. ಜೊತೆಗೆ ಒಂದೊಂದು ಬಿಟ್‌ನ ಕೆಲವು ಸಂಜ್ಞೆಗಳಿರುತ್ತವೆ. ಅವುಗಳಲ್ಲಿ ರೀಸೆಟ್ ಬಿಟ್‌ನ ಬೆಲೆ 1 ಆಗಿದ್ದರೆ ಅರ್ಥ ಇಷ್ಟೇ: ಈ ಸಂಪರ್ಕದಲ್ಲಿ ಏನೋ ಎಡವಟ್ಟಾಗಿದೆ, ಇಲ್ಲಿಗೇ ಮುಗಿಸು. ಅದನ್ನು ಪಡೆದ ಕಂಪ್ಯೂಟರ್ ಮರುಮಾತಿಲ್ಲದೆ ಸಂಪರ್ಕ ಕಡಿಯುತ್ತದೆ. ಕಂಪ್ಯೂಟರ್ ಏಕಾಏಕಿ ಕೆಟ್ಟು ಮತ್ತೆ ಶುರುವಾದಂಥ ಸಂದರ್ಭಗಳಿಗೆಂದು ಈ ವ್ಯವಸ್ಥೆ ಮಾಡಿದ್ದು. ಕಳಿಸಿದವರು ನಿಜವಾಗಿ ಅವರೇ ಹೌದೇ ಎಂದು ಪರೀಕ್ಷಿಸುವ ಏರ್ಪಾಟು ಅದರಲ್ಲಿಲ್ಲ. ವಿಳಾಸ, ಪೋರ್ಟ್, ಕ್ರಮಸಂಖ್ಯೆ ಹೊಂದಿಕೆಯಾದರೆ ಸಾಕು. ದಾರಿಯ ನಡುವೆ ಕುಳಿತು ಹರಿವನ್ನು ನೋಡುತ್ತಿರುವ ಯಂತ್ರಕ್ಕೆ ಈ ಮೂರೂ ಕಣ್ಣೆದುರೇ ಇರುತ್ತವೆ.

ಕಾಮ್‌ಕಾಸ್ಟ್ ಬಳಸಿದ್ದು ಕೆನಡಾದ ಸ್ಯಾಂಡ್‌ವೈನ್ ಕಂಪನಿಯ ಯಂತ್ರವನ್ನು. ಅದು ಸಂಚಾರದ ಮಾರ್ಗಕ್ಕೆ ಅಡ್ಡವಾಗಿರದೆ ಪಕ್ಕದಲ್ಲಿತ್ತು. ಹರಿಯುವ ದತ್ತಾಂಶದ ಒಂದು ಪ್ರತಿ ಅದಕ್ಕೆ ಸಿಗುತ್ತಿತ್ತು. ಪಕ್ಕದಲ್ಲಿ ನಿಂತ ಯಂತ್ರ ಪ್ಯಾಕೆಟನ್ನು ತಡೆದು ನಿಲ್ಲಿಸಲಾರದು. ಆದರೆ ಹೊಸ ಪ್ಯಾಕೆಟ್ ಸೃಷ್ಟಿಸಿ ಮಾರ್ಗಕ್ಕೆ ತೂರಿಸಬಲ್ಲದು. ಏರ್ಸ್, ಬಿಟ್‌ಟೊರೆಂಟ್, ಇ-ಡಾಂಕಿ, ಫಾಸ್ಟ್‌ಟ್ರ್ಯಾಕ್, ನ್ಯೂಟೆಲ್ಲಾ ಎಂಬ ಐದು ಹಂಚಿಕೆ ವಿಧಾನಗಳ ಮೇಲೆ ಅದರ ಕಣ್ಣಿತ್ತು. ಒಂದು ಪ್ರದೇಶದಲ್ಲಿ ಬರೀ ಹೊರಕ್ಕೆ ಕೊಡುವ ಸಂಪರ್ಕಗಳ ಸಂಖ್ಯೆ ನಿಗದಿತ ಮಿತಿ ದಾಟಿದರೆ, ಯಂತ್ರ ಎರಡೂ ಕಡೆಯ ಕಂಪ್ಯೂಟರ್‌ಗಳಿಗೆ ಪರಸ್ಪರರ ಹೆಸರಿನಲ್ಲಿ ಸುಳ್ಳು ರೀಸೆಟ್ ಕಳಿಸುತ್ತಿತ್ತು. ಮಿತಿ ಇದ್ದದ್ದು ಸಂಪರ್ಕಗಳ ಎಣಿಕೆಗೆ. ಆ ಹೊತ್ತಿನಲ್ಲಿ ಜಾಲದಲ್ಲಿ ನಿಜಕ್ಕೂ ದಟ್ಟಣೆ ಇದೆಯೇ ಎಂಬ ಪ್ರಶ್ನೆ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಯಾವ ಅಪ್ಲಿಕೇಶನ್ನನ್ನೂ ತಡೆಯುತ್ತಿಲ್ಲ ಎಂದು ಕಂಪನಿ ಹೇಳಿತು. 2007ರ ಅಕ್ಟೋಬರ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತಾನೇ ಪರೀಕ್ಷೆಗಿಳಿಯಿತು. ಹಂಚಲು ಆರಿಸಿಕೊಂಡದ್ದು ಬೈಬಲ್‌ನ ಕಿಂಗ್ ಜೇಮ್ಸ್ ಅನುವಾದವನ್ನು. 17ನೇ ಶತಮಾನದ ಆ ಕೃತಿಯ ಮೇಲೆ ಅಮೆರಿಕದಲ್ಲಿ ಯಾರ ಸ್ವಾಮ್ಯವೂ ಇಲ್ಲ, ಆದ್ದರಿಂದ ಕಳ್ಳಪ್ರತಿಯ ಮಾತೇ ಏಳುವಂತಿರಲಿಲ್ಲ. ಮೂರು ಪ್ರಯತ್ನಗಳಲ್ಲಿ ಎರಡು ಪೂರ್ತಿ ವಿಫಲವಾದವು. ಮೂರನೆಯದು ಹತ್ತು ನಿಮಿಷ ತಡವಾಗಿ ಶುರುವಾಯಿತು. ಎರಡೂ ಕಂಪ್ಯೂಟರ್‌ಗಳಿಗೆ ರೀಸೆಟ್ ಬಂದಿತ್ತು, ಎರಡರಲ್ಲಿ ಯಾವುದೂ ಅದನ್ನು ಕಳಿಸಿರಲಿಲ್ಲ. ಡಿಜಿಟಲ್ ಹಕ್ಕುಗಳ ಸಂಘಟನೆಯಾದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಕೂಡ ಇದನ್ನು ಸ್ವತಂತ್ರವಾಗಿ ಖಚಿತಪಡಿಸಿತು. ನವೆಂಬರ್‌ನಲ್ಲಿ ಅದು ಎರಡು ತುದಿಗಳ ದಾಖಲೆಗಳನ್ನು ಹೋಲಿಸುವ ಒಂದು ಸರಳ ತಂತ್ರಾಂಶವನ್ನೂ ಹೊರತಂದಿತು. ಅದರ ತರ್ಕ ನೇರ: ಈ ತುದಿಯಲ್ಲಿ ಬಂದ ಪ್ಯಾಕೆಟ್ ಆ ತುದಿಯಲ್ಲಿ ಹೊರಟೇ ಇಲ್ಲವೆಂದರೆ ಅದು ನಡುವೆ ಹುಟ್ಟಿದ್ದು. ಆಮೇಲೆ ಕಂಪನಿಯ ಮಾತಿನ ಧಾಟಿ ಬದಲಾಯಿತು. ತಡೆಯುತ್ತಿಲ್ಲ, ಕೆಲವು ಅಪ್‌ಲೋಡ್‌ಗಳನ್ನು ‘ತಡಮಾಡುತ್ತಿದ್ದೇವೆ’ ಅಷ್ಟೆ ಎಂದಿತು.

ಗುರುತು ತಪ್ಪಿದರೆ ಏನಾಗುತ್ತದೆ ಎಂಬುದೂ ಆಗಲೇ ಗೊತ್ತಾಯಿತು. ಟೊರೆಂಟ್‌ಗೆ ಸಂಬಂಧವೇ ಇಲ್ಲದ, ಕಚೇರಿಗಳಲ್ಲಿ ಬಳಸುತ್ತಿದ್ದ ಲೋಟಸ್ ನೋಟ್ಸ್ ಇಮೇಲ್‌ನ ದೊಡ್ಡ ಲಗತ್ತುಗಳಿಗೂ ಈ ರೀಸೆಟ್‌ನ ಏಟು ಬಿದ್ದಿತ್ತು.

ಕಡಿಯದೆ ನಿಭಾಯಿಸಿದ್ದು

ಫ್ರೀ ಪ್ರೆಸ್, ಪಬ್ಲಿಕ್ ನಾಲೆಜ್ ಎಂಬ ಸಂಘಟನೆಗಳು ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿಗೆ ದೂರಿತ್ತವು. 2008ರ ಆಗಸ್ಟ್ 1ರಂದು ಆಯೋಗ 3–2 ಮತಗಳಿಂದ ಕಂಪನಿಯ ವಿರುದ್ಧ ತೀರ್ಮಾನಿಸಿತು. ದಂಡ ಹಾಕಲಿಲ್ಲ, ಮಾಡಿದ್ದೇನು ಎಂಬುದನ್ನು ವಿವರವಾಗಿ ತಿಳಿಸಬೇಕು, ವರ್ಷಾಂತ್ಯದೊಳಗೆ ಈ ಪದ್ಧತಿ ನಿಲ್ಲಿಸಬೇಕು ಎಂದಿತು. ಸೆಪ್ಟೆಂಬರ್‌ನಲ್ಲಿ ಕಂಪನಿ ಸಲ್ಲಿಸಿದ ವರದಿಯಿಂದಲೇ ಯಂತ್ರದ ಜಾಗ, ಮಾದರಿ, ಮಿತಿಗಳೆಲ್ಲ ಹೊರಬಂದವು. ಗ್ರಾಹಕರು ಹೂಡಿದ್ದ ಸಾಮೂಹಿಕ ದಾವೆಯೊಂದನ್ನು ಕಂಪನಿ ತಪ್ಪೊಪ್ಪಿಕೊಳ್ಳದೆ 1.6 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ತಲಾ ಸಿಕ್ಕಿದ್ದು ಹೆಚ್ಚೆಂದರೆ 16 ಡಾಲರ್.

ರೀಸೆಟ್ ಬಿಟ್ಟು ಕಾಮ್‌ಕಾಸ್ಟ್ ಹಿಡಿದ ಹೊಸ ದಾರಿ ಇಡೀ ಪ್ರಕರಣದಲ್ಲಿ ಹೆಚ್ಚು ಕಲಿಸುವಂಥದು. ಇಂಟರ್ನೆಟ್‌ನ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ 6057ನೇ ಸಂಖ್ಯೆಯಾಗಿ 2010ರಲ್ಲಿ ಅದರ ವಿವರ ಪ್ರಕಟವಾಗಿದೆ. ಈ ಪದ್ಧತಿ ಮೊದಲು ಕೇಳುವುದು ದಟ್ಟಣೆ ಇದೆಯೇ ಎಂದು. ಹೊರಹರಿವಿನ ಪೋರ್ಟಿನ ಬಳಕೆ 15 ನಿಮಿಷಗಳ ಅವಧಿಯಲ್ಲಿ ಸರಾಸರಿ ಶೇ 70ನ್ನು, ಅಥವಾ ಒಳಹರಿವಿನದು ಶೇ 80ನ್ನು ದಾಟಿದರೆ ಮಾತ್ರ ಮುಂದಿನ ಹೆಜ್ಜೆ. ಆಗ ಆ ಪೋರ್ಟಿನಲ್ಲಿ ಯಾವ ಗ್ರಾಹಕ ತನ್ನ ಯೋಜನೆಯ ವೇಗದ ಶೇ 70ಕ್ಕಿಂತ ಹೆಚ್ಚನ್ನು ಅಷ್ಟೂ ಹೊತ್ತು ಬಳಸುತ್ತಿದ್ದಾನೆ ಎಂದು ನೋಡುತ್ತದೆ. ಅಂಥವನ ಪ್ಯಾಕೆಟ್‌ಗಳು ಸರತಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಯುತ್ತವೆ. ಬಳಕೆ ಶೇ 50ಕ್ಕಿಂತ ಕೆಳಗೆ ಬಂದು ಹದಿನೈದು ನಿಮಿಷ ಹಾಗೇ ಇದ್ದರೆ ಮತ್ತೆ ಮೇಲಕ್ಕೆ ಬರುತ್ತವೆ. ಅವನು ಬಳಸುತ್ತಿರುವುದು ಟೊರೆಂಟೋ ವಿಡಿಯೋವೋ ಎಂದು ಯಂತ್ರ ನೋಡುವುದೇ ಇಲ್ಲ.

ದಟ್ಟಣೆ ಎಂಬುದು ಎಷ್ಟು, ಯಾವಾಗ ಎಂಬ ಪ್ರಶ್ನೆ. ಏನು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ನೂರು ಮೋಡೆಮ್‌ಗಳ ಹಾದಿಯನ್ನು ಒಂದು ಮೆಗಾಬಿಟ್ ಟೊರೆಂಟ್ ಎಷ್ಟು ತುಂಬುತ್ತದೆಯೋ ಒಂದು ಮೆಗಾಬಿಟ್ ವಿಡಿಯೋ ಕರೆಯೂ ಅಷ್ಟೇ ತುಂಬುತ್ತದೆ. ಈ ಮಾತನ್ನು ವಿರೋಧಿಗಳು ಮೊದಲಿಂದಲೂ ಹೇಳುತ್ತಿದ್ದರು. ಪ್ಯಾಕೆಟ್‌ಗಳ ಒಳಗೆ ಇಣುಕದೆ ಅದೇ ಇಕ್ಕಟ್ಟಿನ ಜಾಲವನ್ನು ನಡೆಸಿ ತೋರಿಸುವ ಮೂಲಕ ಕಂಪನಿಯೇ ಅದಕ್ಕೆ ಪುರಾವೆ ಒದಗಿಸಿತು.

ಕಾನೂನಿನ ಕಥೆ ಮಾತ್ರ ಅಷ್ಟು ನೇರವಾಗಿ ಮುಗಿಯಲಿಲ್ಲ. 2010ರ ಏಪ್ರಿಲ್ 6ರಂದು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ, ಹೀಗೆ ಆದೇಶಿಸುವ ಅಧಿಕಾರವನ್ನು ಶಾಸನ ಎಫ್‌ಸಿಸಿಗೆ ಕೊಟ್ಟಿಲ್ಲವೆಂದು ತೀರ್ಪಿತ್ತು ಆದೇಶವನ್ನು ರದ್ದುಮಾಡಿತು. ಆ ವರ್ಷದ ಕೊನೆಗೆ ಬಂದ ಹೊಸ ನಿಯಮಗಳ ಮುಖ್ಯ ಭಾಗ 2014ರಲ್ಲಿ ಬಿದ್ದಿತು. 2015ರಲ್ಲಿ ಇನ್ನೂ ಬಿಗಿಯಾದ ನಿಯಮ ಬಂದಿತು, 2017ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು, 2024ರಲ್ಲಿ ಮತ್ತೆ ತರಲಾಯಿತು. 2025ರ ಜನವರಿ 2ರಂದು ಮತ್ತೊಂದು ಮೇಲ್ಮನವಿ ನ್ಯಾಯಾಲಯ ಅದನ್ನೂ ತಳ್ಳಿಹಾಕಿತು.

ಬೇರೆ ದೇಶಗಳ ದಾರಿ

ಕೆನಡಾದ ಬೆಲ್ ಕಂಪನಿ ಸಂಪರ್ಕ ಕಡಿಯಲಿಲ್ಲ, ವೇಗಕ್ಕೆ ಕಟ್ಟು ಹಾಕಿತು. ಸಂಜೆ 4.30ರಿಂದ ನಡುರಾತ್ರಿ ಕಳೆದು 2 ಗಂಟೆಯವರೆಗೆ ಪೀರ್-ಟು-ಪೀರ್ ಸಂಚಾರ ತೆವಳುತ್ತಿತ್ತು. ತನ್ನ ತಂತಿಯನ್ನು ಸಗಟು ದರದಲ್ಲಿ ಪಡೆದು ಸೇವೆ ಮಾರುವ ಸಣ್ಣ ಕಂಪನಿಗಳ ಗ್ರಾಹಕರಿಗೂ 2008ರಲ್ಲಿ ಇದನ್ನು ಅನ್ವಯಿಸಿದಾಗ ಆ ಕಂಪನಿಗಳು ದೂರು ಕೊಟ್ಟವು. ನಿಯಂತ್ರಕರು ಅದೇ ನವೆಂಬರ್‌ನಲ್ಲಿ ಬೆಲ್ ಪರವಾಗಿಯೇ ತೀರ್ಪಿತ್ತರು. 2009ರ ಅಕ್ಟೋಬರ್‌ನಲ್ಲಿ ಮಾತ್ರ ಒಂದು ಸಾಮಾನ್ಯ ನೀತಿ ಬಂದಿತು: ದಟ್ಟಣೆಗೆ ಮೊದಲ ಮದ್ದು ಹೊಸ ಹೂಡಿಕೆ, ಆಮೇಲೆ ದರದ ಹೊಂದಾಣಿಕೆ, ತಾಂತ್ರಿಕ ಕಡಿವಾಣ ಕಡೆಯ ಉಪಾಯ, ಅದನ್ನೂ ಗ್ರಾಹಕರಿಗೆ ಮುಂಚಿತವಾಗಿ ತಿಳಿಸಬೇಕು. ಅಲ್ಲಿನ ಇನ್ನೊಂದು ಕಂಪನಿ ರೋಜರ್ಸ್‌ನ ಯಂತ್ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟವನ್ನೇ ಫೈಲ್ ಹಂಚಿಕೆ ಎಂದು ತಿಳಿದು ನಿಧಾನ ಮಾಡಿದ್ದನ್ನು ಆ ಕಂಪನಿ 2011ರಲ್ಲಿ ಒಪ್ಪಿಕೊಂಡಿತು. ಜಾಲದ ಸಾಮರ್ಥ್ಯ ಹೆಚ್ಚಿದಂತೆ ಬೆಲ್, ರೋಜರ್ಸ್ ಎರಡೂ 2012ರೊಳಗೆ ಈ ಪದ್ಧತಿ ಕೈಬಿಟ್ಟವು.

ಜಪಾನಿನಲ್ಲಿ ಪ್ರಶ್ನೆ ಸಂವಿಧಾನದವರೆಗೂ ಹೋಯಿತು. ಅಲ್ಲಿ ವಿನಿ ಎಂಬ ಹಂಚಿಕೆ ತಂತ್ರಾಂಶ ಜನಪ್ರಿಯವಾಗಿತ್ತು. 2006ರಲ್ಲಿ ಪ್ಲಾಲಾ ಎಂಬ ಸೇವಾ ಕಂಪನಿ ವಿನಿಯನ್ನು ಪೂರ್ತಿ ತಡೆಯುತ್ತೇನೆಂದಾಗ ಸಂವಹನ ಖಾತೆಯ ಸಚಿವಾಲಯವೇ ಆಕ್ಷೇಪಿಸಿತು. ಯಾವ ಪ್ಯಾಕೆಟ್ ಯಾವುದರದ್ದು ಎಂದು ಕಂಪನಿ ನೋಡಬೇಕಾಗುವುದರಿಂದ, ಸಂವಿಧಾನ ಕಾಪಾಡುವ ಸಂವಹನದ ಗೌಪ್ಯತೆಗೆ ಅದು ಭಂಗ ತರುತ್ತದೆ ಎಂಬುದು ಆಕ್ಷೇಪದ ತಿರುಳು. ತಡೆ ಬೇಕೋ ಬೇಡವೋ ಎಂಬುದನ್ನು ಕಂಪನಿ ಗ್ರಾಹಕರ ಆಯ್ಕೆಗೆ ಬಿಡಬೇಕಾಯಿತು.

ಐರೋಪ್ಯ ಒಕ್ಕೂಟದ ನಿಯಮ 2016ರ ಏಪ್ರಿಲ್ 30ರಿಂದ ಜಾರಿಯಲ್ಲಿದೆ. ಸಂಚಾರ ನಿರ್ವಹಣೆಗೆ ಅದು ಅವಕಾಶ ಕೊಡುತ್ತದೆ; ಆದರೆ ಅದು ಪಾರದರ್ಶಕವಾಗಿರಬೇಕು, ತಾರತಮ್ಯವಿರಬಾರದು, ಸಾಗುವ ವಸ್ತುವಿನ ಮೇಲೆ ಕಣ್ಣಿಡಬಾರದು, ಅಗತ್ಯಕ್ಕಿಂತ ಒಂದು ಗಳಿಗೆಯೂ ಹೆಚ್ಚು ಇರಬಾರದು.

ತಂತ್ರಾಂಶದ ಮರುತ್ತರ

ತಡೆ ಬಂದಲ್ಲೆಲ್ಲ ಟೊರೆಂಟ್ ತಂತ್ರಾಂಶ ಬರೆಯುವವರು ಸುಮ್ಮನೆ ಕೂರಲಿಲ್ಲ. 2006ರ ಹೊತ್ತಿಗೆ ಪ್ರಮುಖ ತಂತ್ರಾಂಶಗಳು ಪರಿಚಯದ ಸಂದೇಶವನ್ನೂ ಗೂಢಲಿಪಿಗೆ ತಿರುಗಿಸತೊಡಗಿದವು. 19 ಎಂಬ ಬೈಟ್, ಅದರ ಬೆನ್ನ ಹಿಂದಿನ ಹೆಸರು ಎರಡೂ ಮರೆಯಾದವು. ಆದರೂ ನಡವಳಿಕೆಯಿಂದ ಗುರುತು ಹಿಡಿಯುವ ಯಂತ್ರದಿಂದ ಇದು ತಪ್ಪಿಸಿಕೊಳ್ಳಲಾರದು. ಗೂಢಲಿಪಿಯಲ್ಲಿರುವ ಅಪರಿಚಿತ ಸಂಚಾರವನ್ನೆಲ್ಲ ಟೊರೆಂಟ್ ಎಂದೇ ಭಾವಿಸಿ ನಿಧಾನ ಮಾಡಿದರೆ ಟೊರೆಂಟ್‌ಗೆ ಸಂಬಂಧವಿಲ್ಲದ ಬೇರೆ ಸೇವೆಗಳಿಗೂ ಪೆಟ್ಟು ಬೀಳುತ್ತದೆ.

ಹೆಚ್ಚು ಬಾಳಿಕೆಯ ಉತ್ತರ ಬಂದದ್ದು ಬೇರೆ ದಿಕ್ಕಿನಿಂದ. ಟೊರೆಂಟ್ ತಾನಾಗಿಯೇ ದಾರಿ ಬಿಡುವಂತಾದರೆ ಜಗಳಕ್ಕೆ ಕಾರಣವೇ ಉಳಿಯುವುದಿಲ್ಲ. 2010ರ ಸುಮಾರಿಗೆ ಬಳಕೆಗೆ ಬಂದ ಮ್ಯುಟಿಪಿ ಎಂಬ ವಿಧಾನ ಪ್ರತಿ ಪ್ಯಾಕೆಟ್ ತಲುಪಲು ಹಿಡಿಯುವ ಕಾಲವನ್ನು ಅಳೆಯುತ್ತಿರುತ್ತದೆ. ಆ ಕಾಲ ಬೆಳೆದರೆ ದಾರಿಯಲ್ಲಿ ಎಲ್ಲೋ ಸರತಿ ಉದ್ದವಾಗುತ್ತಿದೆ ಎಂದರ್ಥ. ಹೆಚ್ಚುವರಿ ವಿಳಂಬ 100 ಮಿಲಿಸೆಕೆಂಡ್ ಸಮೀಪಿಸಿದರೆ ಟೊರೆಂಟ್ ತನ್ನ ವೇಗ ತಗ್ಗಿಸುತ್ತದೆ, ವೆಬ್ ಪುಟವೂ ಫೋನ್ ಕರೆಯೂ ಮುಂದೆ ಹೋಗುತ್ತವೆ. ಹಾದಿ ಖಾಲಿಯಾದರೆ ಮತ್ತೆ ವೇಗ ಹಿಡಿಯುತ್ತದೆ. ಇದರ ಹಿಂದಿನ ತತ್ತ್ವಕ್ಕೆ 2012ರಲ್ಲಿ ಇಂಟರ್ನೆಟ್ ತಾಂತ್ರಿಕ ದಾಖಲೆಗಳಲ್ಲೂ ಜಾಗ ಸಿಕ್ಕಿತು.

ಈ ನಡುವೆ ಸಂಚಾರದ ಚಹರೆಯೂ ಬದಲಾಯಿತು. ನೆಟ್‌ಫ್ಲಿಕ್ಸ್, ಯೂಟ್ಯೂಬ್‌ಗಳ ವಿಡಿಯೋ ಒಳಹರಿವಿನ ಸಿಂಹಪಾಲು ಪಡೆಯಿತು. ಹೊರಹರಿವಿನಲ್ಲಿ ಟೊರೆಂಟ್‌ನ ಪಾಲು ಬೇಗ ಕರಗಲಿಲ್ಲ: ಸ್ಯಾಂಡ್‌ವೈನ್‌ನ 2018ರ ವರದಿಯಲ್ಲೂ ಅದು ಜಗತ್ತಿನ ಒಟ್ಟು ಹೊರಹರಿವಿನ ಶೇ 22ರಷ್ಟಿತ್ತು. ಆದರೆ ಎರಡೂ ದಿಕ್ಕಿಗೆ ವಿಶಾಲ ಹಾದಿಯಿರುವ ಫೈಬರ್ ಬಂದಂತೆ ಅದನ್ನು ಹತ್ತಿಕ್ಕುವ ತಾಂತ್ರಿಕ ಒತ್ತಡ ಇಳಿಯಿತು.

ಭಾರತದಲ್ಲಿ

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ಟೊರೆಂಟ್ ಪಟ್ಟಿ ಕೊಡುವ ಜಾಲತಾಣ ತೆರೆಯದಿರುವುದು ಒಂದು, ಟೊರೆಂಟ್ ಸಂಚಾರವೇ ನಿಧಾನವಾಗುವುದು ಇನ್ನೊಂದು.

ಜಾಲತಾಣಗಳಿಗೆ ಬೀಗ ಬೀಳುವುದು ಬಹುಪಾಲು ನ್ಯಾಯಾಲಯದ ಅಥವಾ ಸರ್ಕಾರದ ಆದೇಶದಿಂದ. 2012ರಲ್ಲಿ ‘3’, ‘ದಮ್ಮು’ ಚಿತ್ರಗಳ ಕಳ್ಳಪ್ರತಿ ತಡೆಯಲು ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶ ಮುಂದಿಟ್ಟುಕೊಂಡು ಸೇವಾ ಕಂಪನಿಗಳು ಟೊರೆಂಟ್ ಪಟ್ಟಿ ಕೊಡುವ ಪೈರೇಟ್ ಬೇ ಜೊತೆಗೆ ವಿಮಿಯೋದಂಥ ಸಾಮಾನ್ಯ ವಿಡಿಯೋ ತಾಣವನ್ನೂ ಮುಚ್ಚಿದವು. ಇಡೀ ತಾಣಕ್ಕಲ್ಲ, ಆ ಚಿತ್ರವಿರುವ ನಿರ್ದಿಷ್ಟ ಕೊಂಡಿಗೆ ಮಾತ್ರ ತಡೆ ಎಂದು ಜೂನ್‌ನಲ್ಲಿ ನ್ಯಾಯಾಲಯ ಸ್ಪಷ್ಟಪಡಿಸಬೇಕಾಯಿತು. 2019ರ ಏಪ್ರಿಲ್ 10ರಂದು ದೆಹಲಿ ಹೈಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮುಚ್ಚಿದ ತಾಣ ಬೇರೆ ಹೆಸರಿನಲ್ಲಿ ತಲೆಯೆತ್ತಿದರೆ ಹೊಸ ದಾವೆ ಹೂಡದೆಯೇ ಅದನ್ನು ಪಟ್ಟಿಗೆ ಸೇರಿಸಿಕೊಳ್ಳಲು ಅವಕಾಶ ಕೊಟ್ಟಿತು. ಇಂಥ ತಡೆ ತಾಣದ ಹೆಸರಿಗೆ ಅನ್ವಯಿಸುತ್ತದೆ. ಟೊರೆಂಟ್ ಎಂಬ ವಿಧಾನ ಭಾರತದಲ್ಲಿ ನಿಷಿದ್ಧವಲ್ಲ.

ಸಂಚಾರದ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರ ನವೆಂಬರ್‌ನಲ್ಲಿ ಮಾಡಿದ ಶಿಫಾರಸುಗಳಿಗೆ 2018ರ ಜುಲೈನಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು. ಸಾಗುವ ವಸ್ತು, ಬಳಸುವ ವಿಧಾನ, ಅಥವಾ ಉಪಕರಣ ನೋಡಿ ತಡೆಯುವುದು, ಗುಣಮಟ್ಟ ಕೆಡಿಸುವುದು, ನಿಧಾನ ಮಾಡುವುದು, ಹೆಚ್ಚಿನ ವೇಗ ಕೊಡುವುದು ಎಲ್ಲವೂ ತಾರತಮ್ಯವೇ. ಸಮಂಜಸವಾದ ಸಂಚಾರ ನಿರ್ವಹಣೆ, ತುರ್ತು ಸೇವೆ, ಕಾನೂನುಬದ್ಧ ಆದೇಶಗಳಿಗೆ ವಿನಾಯಿತಿ ಇದೆ.

ಭಾರತದ ಬ್ರಾಡ್‌ಬ್ಯಾಂಡ್‌ನಲ್ಲಿ ಟೊರೆಂಟ್ ಬಳಕೆದಾರರನ್ನು ಹೆಚ್ಚು ಕಾಡಿದ್ದು ಬಳಕೆಯ ಮಿತಿ. ಬಿಎಸ್‌ಎನ್‌ಎಲ್‌ನ ಹಳೆಯ ಕೆಲವು ಯೋಜನೆಗಳಲ್ಲಿ ರಾತ್ರಿ 2ರಿಂದ ಬೆಳಗಿನ 8ರವರೆಗಿನ ಡೌನ್‌ಲೋಡ್‌ಗೆ ಲೆಕ್ಕವಿರಲಿಲ್ಲ. ಟೊರೆಂಟ್ ಹಚ್ಚಿ ಮಲಗುವ ಅಭ್ಯಾಸ ಆ ಕಾಲದ್ದು. ದಟ್ಟಣೆಯನ್ನು ದರದಿಂದಲೇ ರಾತ್ರಿಗೆ ಸರಿಸುವ ಉಪಾಯವದು. ಆಮೇಲೆ ಬಂದ ‘ಫೇರ್ ಯೂಸೇಜ್ ಪಾಲಿಸಿ’ಯಲ್ಲಿ ತಿಂಗಳ ಮಿತಿ ಮುಗಿದೊಡನೆ ವೇಗ ಕುಸಿಯುತ್ತದೆ. ಕುಸಿದರೂ 512 ಕೆಬಿಪಿಎಸ್‌ಗಿಂತ ಕೆಳಗಿಳಿಯಬಾರದೆಂದು ಟ್ರಾಯ್ 2016ರಲ್ಲಿ ನಿರ್ದೇಶಿಸಿತು. ಈ ಕುಸಿತ ಎಲ್ಲ ಬಗೆಯ ಬಳಕೆಗೂ ಒಂದೇ ಆಗಿರುವುದರಿಂದ ಟೊರೆಂಟ್ ವಿರುದ್ಧದ ತಾರತಮ್ಯ ಎನಿಸುವುದಿಲ್ಲ.

ತಡೆಯೋ, ಬರೀ ನಿಧಾನವೋ

ಟೊರೆಂಟ್ ತೆವಳಲು ಕಂಪನಿಯ ಹಸ್ತಕ್ಷೇಪವಿಲ್ಲದ ಕಾರಣಗಳು ಹಲವು. ಸೀಡರ್‌ಗಳೇ ಇಲ್ಲದಿರಬಹುದು. ವೈಫೈ ದುರ್ಬಲವಾಗಿರಬಹುದು. ಅಪ್‌ಲೋಡ್‌ಗೆ ಮಿತಿ ಹಾಕದೆ ಬಿಟ್ಟದ್ದರಿಂದ ಮನೆಯ ಸ್ವಂತ ಹೊರದಾರಿಯೇ ತುಂಬಿ ರಶೀದಿಗಳು ಸಿಕ್ಕಿಬಿದ್ದಿರಬಹುದು. ಭಾರತದಲ್ಲಿ ಬಹಳ ಸಾಮಾನ್ಯವಾದ ಇನ್ನೊಂದು ಕಾರಣ ವಿಳಾಸದ ಹಂಚಿಕೆ. ಹಳೆಯ ಬಗೆಯ ಐಪಿ ವಿಳಾಸಗಳು ಸಾಲದೆ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರೊಳಗಿನ ಅಂಕಿಗಳಿಂದ ಶುರುವಾಗಿದ್ದರೆ ಮನೆ ಇಂಥ ಹಂಚಿಕೆಯಲ್ಲಿದೆ ಎಂದರ್ಥ. ಆಗ ಹೊರಗಿನ ಪೀರ್‌ಗಳು ತಾವಾಗಿ ಈ ಕಂಪ್ಯೂಟರನ್ನು ಮುಟ್ಟಲಾರವು. ಇದು ತಾನಾಗಿ ಸಂಪರ್ಕಿಸಿದವರೊಡನೆ ಮಾತ್ರ ವಿನಿಮಯ ನಡೆಯುತ್ತದೆ. ಪರಿಣಾಮ ತಡೆಯಂತೆಯೇ ಕಾಣುತ್ತದೆ, ಉದ್ದೇಶ ಅದಲ್ಲ.

ಇವನ್ನೆಲ್ಲ ಬೇರ್ಪಡಿಸಲು ಹೋಲಿಕೆಯ ಪರೀಕ್ಷೆ ಬೇಕು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಕೃಷ್ಣ ಗುಮ್ಮಡಿ ಮತ್ತು ಸಂಗಡಿಗರು 2008ರಲ್ಲಿ ರೂಪಿಸಿದ ಗ್ಲಾಸ್‌ನಾಸ್ಟ್ ಇದಕ್ಕೆ ಮಾದರಿ. ಅದು ಬಳಕೆದಾರನ ಕಂಪ್ಯೂಟರ್ ಮತ್ತು ಪರೀಕ್ಷಾ ಸರ್ವರ್ ನಡುವೆ ಎರಡು ಹರಿವುಗಳನ್ನು ಕಳಿಸುತ್ತಿತ್ತು. ಒಂದರಲ್ಲಿ ಬಿಟ್‌ಟೊರೆಂಟ್‌ನ ನಿಜವಾದ ಸಂದೇಶಗಳು. ಇನ್ನೊಂದರಲ್ಲಿ ಅದೇ ಗಾತ್ರ, ಅದೇ ಕ್ರಮ, ಆದರೆ ಒಳಗೆ ಅರ್ಥವಿಲ್ಲದ ಬೈಟ್‌ಗಳು. ಉಳಿದೆಲ್ಲವೂ ಸಮನಾಗಿರುವುದರಿಂದ ಮೊದಲನೆಯದು ಮಾತ್ರ ಕಡಿದರೆ ಅಥವಾ ಕುಂಟಿದರೆ ಕಾರಣ ಒಳಗಿನ ಗುರುತೇ. ಅಮೆರಿಕದ ಕಾಮ್‌ಕಾಸ್ಟ್, ಕಾಕ್ಸ್ ಮತ್ತು ಸಿಂಗಪುರದ ಸ್ಟಾರ್‌ಹಬ್ ಜಾಲಗಳಲ್ಲಿ ತಡೆ ಎದ್ದು ಕಂಡಿತು. ದಟ್ಟಣೆಯಿಲ್ಲದ ಹೊತ್ತಿನಲ್ಲೂ ತಡೆ ನಡೆಯುತ್ತಿತ್ತು ಎಂಬುದು ಈ ಅಧ್ಯಯನದ ಮುಖ್ಯ ಶೋಧ. ದಟ್ಟಣೆಗಾಗಿಯೇ ಇದೆಲ್ಲ ಎಂಬ ಸಮರ್ಥನೆಗೆ ಅದರಿಂದ ಆಧಾರ ತಪ್ಪಿತು. 2009ರಲ್ಲಿ ಶುರುವಾದ ಮೆಷರ್‌ಮೆಂಟ್ ಲ್ಯಾಬ್ ಎಂಬ ಮುಕ್ತ ಅಳತೆ ವೇದಿಕೆಯಲ್ಲಿ ಗ್ಲಾಸ್‌ನಾಸ್ಟ್ ಹಲವು ವರ್ಷ ಓಡಿ, 2017ರಲ್ಲಿ ನಿವೃತ್ತಿಯಾಯಿತು.

ಅದೇ ತರ್ಕವನ್ನು ಮನೆಯಲ್ಲೂ ಒಂದು ಮಟ್ಟಿಗೆ ಬಳಸಬಹುದು. ಸೀಡರ್‌ಗಳು ಧಾರಾಳವಾಗಿರುವ ಲಿನಕ್ಸ್ ಟೊರೆಂಟೊಂದನ್ನು ಒಂದೇ ಹೊತ್ತಿನಲ್ಲಿ ಒಮ್ಮೆ ನೇರವಾಗಿ, ಒಮ್ಮೆ ವಿಪಿಎನ್ ಮೂಲಕ (ಸಂಚಾರವನ್ನು ಗೂಢಲಿಪಿಯಲ್ಲಿ ಬೇರೊಂದು ಸರ್ವರ್ ಮೂಲಕ ಸಾಗಿಸುವ ಸೇವೆ) ಇಳಿಸಿ ನೋಡುವುದು. ಅದೇ ಫೈಲನ್ನು ಸಾಮಾನ್ಯ ವೆಬ್ ಕೊಂಡಿಯಿಂದಲೂ ಇಳಿಸಿ ಹೋಲಿಸುವುದು. ಮೂರೂ ನಿಧಾನವಾದರೆ ದೋಷ ತಂತಿಯಲ್ಲಿ, ವೈಫೈಯಲ್ಲಿ ಅಥವಾ ಮುಗಿದ ಮಿತಿಯಲ್ಲಿದೆ. ವೆಬ್ ಕೊಂಡಿಯೂ ವಿಪಿಎನ್ ಟೊರೆಂಟೂ ಓಡಿ, ನೇರ ಟೊರೆಂಟ್ ಮಾತ್ರ ಕುಂಟಿದರೆ ಅನುಮಾನಕ್ಕೆ ಆಧಾರವಿದೆ. ಆದರೆ ವಿಪಿಎನ್‌ನಿಂದ ವಿಳಾಸವೂ ದಾರಿಯೂ ಬದಲಾಗುವುದರಿಂದ ಅದೊಂದೇ ಸಾಕ್ಷಿಯಾಗದು. ಹಲವು ದಿನ, ಹಗಲಿನಲ್ಲೂ ಸಂಜೆಯಲ್ಲೂ ಅದೇ ಫಲಿತಾಂಶ ಬಂದರೆ ಮಾತ್ರ ಸಂಚಾರದ ಬಗೆ ನೋಡಿ ವೇಗ ತಗ್ಗಿಸಲಾಗುತ್ತಿದೆ ಎಂಬ ತೀರ್ಮಾನಕ್ಕೆ ಬಲ ಬರುತ್ತದೆ, ಮತ್ತು ನಿಯಂತ್ರಕರ ಮುಂದಿಡುವ ದೂರಿಗೆ ತೂಕವೂ.